ಇಂಗ್ಲಿಷಿನ ‘ಹ್ಯಾವ್’ ಕ್ರಿಯಾಪದ: ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಕ್ರಿಯಾಪದಗಳಲ್ಲಿ ‘ಬಿ’ಯ ನಂತರದ ಸ್ಥಾನ ‘ಹ್ಯಾವ್’ಗೆ ಸಲ್ಲುತ್ತದೆ. ಶಾಲೆಯಲ್ಲಿ ‘ಹ್ಯಾವ್, ಹ್ಯಾಸ್, ಹ್ಯಾಡ್’ ಎಂದು ಬಾಯಿಪಾಠ ಮಾಡಿದ ಮೇಲೂ, ಹತ್ತಾರು ವರ್ಷ ಕಚೇರಿಯಲ್ಲಿ ಇಂಗ್ಲಿಷ್ ಬಳಸಿದ ಮೇಲೂ ಈ ಪದ ಕನ್ನಡಿಗರನ್ನು ಎಡವಿಸುತ್ತಲೇ ಇರುತ್ತದೆ. ಇದಕ್ಕೆ ಕಾರಣ ಪದದ ಕಷ್ಟವಲ್ಲ. ಇಂಗ್ಲಿಷಿನಲ್ಲಿ ‘ಹ್ಯಾವ್’ ಒಂದೇ ಹೊತ್ತಿರುವ ಕೆಲಸಗಳನ್ನು ಕನ್ನಡವು ‘ಇರು’, ‘ಆಗು’, ‘ಬೇಕು’, ‘ಇಸು’ ಪ್ರತ್ಯಯ ಮತ್ತು ವಿಭಕ್ತಿಗಳಿಗೆ ಹಂಚಿಕೊಟ್ಟಿದೆ. ಆದ್ದರಿಂದ ‘ಹ್ಯಾವ್ ಎಂದರೇನು’ ಎಂದು ಕೇಳುವುದಕ್ಕಿಂತ, ‘ಈ ವಾಕ್ಯದಲ್ಲಿ ಅದು ಯಾವ ಕೆಲಸ ಮಾಡುತ್ತಿದೆ’ ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತದೆ. ಕೆಳಗಿನ ಉತ್ತರಗಳನ್ನು ಈ ಕ್ರಮದಲ್ಲೇ ಬರೆಯಲಾಗಿದೆ. ಬರವಣಿಗೆಯಲ್ಲಿ ಗೊಂದಲವಾಗದಿರಲೆಂದು ಸಂಖ್ಯೆಯ ಎರಡನ್ನು ‘ಟೂ’ ಎಂದೂ, ‘ಹ್ಯಾವ್ ಟು’ ಎಂಬಲ್ಲಿ ಬರುವುದನ್ನು ‘ಟು’ ಎಂದೂ ಬರೆದಿದೆ.

‘ಹ್ಯಾವ್’ಗೆ ಕನ್ನಡದಲ್ಲಿ ಒಂದೇ ಸಮಾನ ಪದ ಏಕೆ ಇಲ್ಲ?

ಒಡೆತನವನ್ನು ಹೇಳಲು ಪ್ರತ್ಯೇಕ ಕ್ರಿಯಾಪದ ಬೇಕೆಂದು ಕನ್ನಡಕ್ಕೆ ಅನಿಸಿಲ್ಲ. ‘ಹೊಂದು’ ಎಂಬ ಪದವಿದೆಯಲ್ಲ ಎಂದು ಕೆಲವರು ಕೇಳಬಹುದು. ಆದರೆ ‘ನಾನು ಇಬ್ಬರು ತಮ್ಮಂದಿರನ್ನು ಹೊಂದಿದ್ದೇನೆ’ ಎಂದು ಮನೆಯಲ್ಲಿ ಯಾರೂ ಹೇಳುವುದಿಲ್ಲ. ಅದು ಅನುವಾದದ ಮೇಜಿನ ಮೇಲೆ ಹುಟ್ಟಿದ, ಸರ್ಕಾರಿ ಪ್ರಕಟಣೆಗಳಲ್ಲಿ ಬೆಳೆದ ವಾಕ್ಯ.

ನಾವು ನಿಜವಾಗಿ ಹೇಳುವುದು ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’ ಎಂದು. ಇಲ್ಲಿ ಒಡೆಯನಿಗೆ ಚತುರ್ಥೀ ವಿಭಕ್ತಿ ಹತ್ತಿದೆ. ಕರ್ತೃಸ್ಥಾನದಲ್ಲಿ ತಮ್ಮಂದಿರು ಕುಳಿತಿದ್ದಾರೆ, ಕ್ರಿಯಾಪದವೂ ಅವರಿಗೇ ಹೊಂದಿಕೊಂಡು ‘ಇದ್ದಾರೆ’ ಎಂದಾಗಿದೆ. ಇಂಗ್ಲಿಷಿನ ‘ಐ ಹ್ಯಾವ್ ಟೂ ಬ್ರದರ್ಸ್’ ಎಂಬುದರಲ್ಲಿ ಇದು ತಲೆಕೆಳಗಾಗುತ್ತದೆ: ‘ಐ’ ಕರ್ತೃ, ತಮ್ಮಂದಿರು ಕರ್ಮ.

ಕನ್ನಡದ ಸೂಕ್ಷ್ಮ ಇಷ್ಟಕ್ಕೇ ನಿಲ್ಲುವುದಿಲ್ಲ. ಬಂಧುಗಳು, ಕಾಯಿಲೆ, ಭಾವನೆ ಇವುಗಳಿಗೆ ‘ನನಗೆ’ ಎಂದರೆ, ಕೈಯಲ್ಲೋ ಜೇಬಿನಲ್ಲೋ ಇರುವ ವಸ್ತುವಿಗೆ ‘ನನ್ನ ಹತ್ತಿರ’ ಎನ್ನುತ್ತೇವೆ. ಧಾರವಾಡದ ಕಡೆಯವರು ‘ನನ್ನ ಕಡೆ ರೊಕ್ಕ ಐತಿ’ ಎನ್ನುತ್ತಾರೆ. ಗುಣವಾದರೆ ‘ಅವಳಲ್ಲಿ ತಾಳ್ಮೆಯಿದೆ’ ಎಂದು ಸಪ್ತಮಿಯೂ ಬರುತ್ತದೆ, ಮನೆಯ ಭಾಗವಾದರೆ ‘ಈ ಮನೆಗೆ ಎರಡು ಬಾಗಿಲು’ ಎಂದು ಕ್ರಿಯಾಪದವೇ ಇಲ್ಲದೆ ಮಾತು ಮುಗಿಯುತ್ತದೆ. ‘ನನ್ನ ಹತ್ತಿರ ಜ್ವರ ಇದೆ’ ಎಂದರೆ ಮಗುವೂ ನಗುತ್ತದೆ. ಇಂಗ್ಲಿಷ್ ಈ ಭೇದಗಳನ್ನು ಗಣಿಸದೆ ತಮ್ಮ, ಜ್ವರ, ದುಡ್ಡು, ತಾಳ್ಮೆ, ಬಾಗಿಲು ಎಲ್ಲಕ್ಕೂ ‘ಹ್ಯಾವ್’ ಎಂದೇ ಹೇಳಿಬಿಡುತ್ತದೆ.

ಇದರಲ್ಲಿ ಕನ್ನಡ ಒಂಟಿಯಲ್ಲ. ತಮಿಳಿನ ‘ಎನಕ್ಕು’, ಹಿಂದಿಯ ‘ಮೇರೇ ಪಾಸ್’, ರಷ್ಯನ್ನಿನ ‘ಉ ಮೆನ್ಯಾ’ ಎಲ್ಲವೂ ‘ನನಗೆ ಇದೆ’, ‘ನನ್ನ ಬಳಿ ಇದೆ’ ಎಂಬ ದಾರಿಯವೇ.

‘ದೇರ್ ಈಸ್’ ಮತ್ತು ‘ಹ್ಯಾಸ್’ ನಡುವೆ ಆಯ್ಕೆ ಹೇಗೆ?

‘ನಮ್ಮ ಊರಿನಲ್ಲಿ ಎರಡು ಕೆರೆಗಳಿವೆ’ ಎಂಬುದನ್ನು ಇಂಗ್ಲಿಷಿನಲ್ಲಿ ಎರಡು ರೀತಿ ಹೇಳಬಹುದು: ‘ದೇರ್ ಆರ್ ಟೂ ಲೇಕ್ಸ್ ಇನ್ ಅವರ್ ವಿಲೇಜ್’ ಅಥವಾ ‘ಅವರ್ ವಿಲೇಜ್ ಹ್ಯಾಸ್ ಟೂ ಲೇಕ್ಸ್’. ಎರಡನ್ನೂ ಬೆರೆಸಿ ‘ಇನ್ ಅವರ್ ವಿಲೇಜ್ ಹ್ಯಾಸ್ ಟೂ ಲೇಕ್ಸ್’ ಎಂದಾಗ ವಾಕ್ಯ ಕೆಡುತ್ತದೆ. ‘ಹ್ಯಾಸ್’ ಬರಬೇಕಾದರೆ ಊರೇ ಕರ್ತೃವಾಗಬೇಕು, ಅದರ ಮುಂದೆ ‘ಇನ್’ ಇರಬಾರದು.

‘ಡಸ್ ಹಿ ಹ್ಯಾಸ್ ಎ ಕಾರ್?’ ಎನ್ನುವುದು ಏಕೆ ತಪ್ಪು?

ಏಕವಚನದ ಗುರುತನ್ನು ‘ಡಸ್’ ಆಗಲೇ ಹೊತ್ತುಕೊಂಡಿರುವುದರಿಂದ ಮುಂದಿನ ಕ್ರಿಯಾಪದ ಮೂಲರೂಪದಲ್ಲಿರಬೇಕು: ‘ಡಸ್ ಹಿ ಹ್ಯಾವ್ ಎ ಕಾರ್?’ ಭೂತಕಾಲದಲ್ಲಿಯೂ ಹಾಗೆಯೇ, ‘ಡಿಡ್ ಹಿ ಹ್ಯಾವ್’. ‘ಕ್ಯಾನ್’, ‘ಶುಡ್’, ‘ಮಸ್ಟ್’, ‘ವಿಲ್’ ಇವುಗಳ ಬೆನ್ನಿಗೆ ‘ಹ್ಯಾಸ್’ ಎಂದೂ ಬರುವುದಿಲ್ಲ. ‘ಶಿ ಶುಡ್ ಹ್ಯಾವ್’ ಎಂಬುದೇ ಸರಿ.

‘ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್’ ಎಂದರೆ ಇಂಗ್ಲಿಷರು ಏಕೆ ನಗುತ್ತಾರೆ?

ಅವರ ಕಿವಿಗೆ ಅದು ‘ನನಗೆ ಅವಳಿ ಮಕ್ಕಳು ಹುಟ್ಟಲಿವೆ’ ಎಂದು ಕೇಳಿಸುತ್ತದೆ. ಒಡೆತನ, ನಂಟು, ಕಾಯಿಲೆ, ಗುಣ ಇವು ನಡೆಯುತ್ತಿರುವ ಕ್ರಿಯೆಗಳಲ್ಲ, ಇರುವ ಸ್ಥಿತಿಗಳು. ಸ್ಥಿತಿಯನ್ನು ಹೇಳುವಾಗ ಇಂಗ್ಲಿಷ್ ‘ಇಂಗ್’ ರೂಪವನ್ನು ಬಳಸುವುದಿಲ್ಲ. ಆದ್ದರಿಂದ ‘ಐ ಹ್ಯಾವ್ ಟೂ ಚಿಲ್ಡ್ರನ್’, ‘ಐ ಹ್ಯಾವ್ ಎ ಫೀವರ್’, ‘ವಿ ಹ್ಯಾವ್ ಎ ಬ್ರಾಂಚ್ ಇನ್ ಹುಬ್ಬಳ್ಳಿ’ ಎನ್ನಬೇಕು.

ಆದರೆ ‘ಹ್ಯಾವಿಂಗ್’ ಎಂಬ ರೂಪವೇ ತಪ್ಪೆಂದು ಅದನ್ನು ಕಂಡಲ್ಲೆಲ್ಲ ಹೊಡೆದುಹಾಕುವ ಅಗತ್ಯವಿಲ್ಲ. ‘ಹ್ಯಾವ್’ ಕ್ರಿಯೆಯನ್ನು ಸೂಚಿಸುವಲ್ಲಿ ಅದು ಸಹಜವಾಗಿಯೇ ಬರುತ್ತದೆ: ‘ವಿ ಆರ್ ಹ್ಯಾವಿಂಗ್ ಲಂಚ್’ ಎಂದರೆ ಊಟ ನಡೆಯುತ್ತಿದೆ, ‘ದೇ ಆರ್ ಹ್ಯಾವಿಂಗ್ ಎ ಮೀಟಿಂಗ್’ ಎಂದರೆ ಸಭೆ ನಡೆಯುತ್ತಿದೆ. ಕನ್ನಡಕ್ಕೆ ತಿರುಗಿಸಿದಾಗ ‘ಇದೆ’ ಬಂದರೆ ‘ಹ್ಯಾವ್’, ‘ನಡೆಯುತ್ತಿದೆ’ ಅಥವಾ ‘ಮಾಡುತ್ತಿದ್ದೇವೆ’ ಬಂದರೆ ‘ಹ್ಯಾವಿಂಗ್’ ಎಂದು ನೋಡಿಕೊಂಡರೆ ಬಹುತೇಕ ಸಂದರ್ಭಗಳು ಬಗೆಹರಿಯುತ್ತವೆ. ನಮ್ಮಲ್ಲಿ ಈ ತಪ್ಪು ಬೇರೂರಲು ‘ಇಂಗ್’ ಹಚ್ಚಿದರೆ ಮಾತಿಗೆ ಇನ್ನಷ್ಟು ಗೌರವ ಬರುತ್ತದೆಂಬ ಭಾವನೆಯೂ ಕಾರಣವಿರಬಹುದೆಂದು ನನ್ನ ಗುಮಾನಿ.

ತಿನ್ನುವುದಕ್ಕೆ, ಕುಡಿಯುವುದಕ್ಕೆ ‘ಹ್ಯಾವ್’ ಬಳಸುವುದು ಸರಿಯೇ?

ಸರಿ ಮಾತ್ರವಲ್ಲ, ಸೌಜನ್ಯವೂ ಹೌದು. ಮನೆಗೆ ಬಂದವರಿಗೆ ನಾವು ‘ತಿನ್ನಿ’ ಎನ್ನದೆ ‘ತಗೊಳ್ಳಿ’ ಎನ್ನುವಂತೆ ಇಂಗ್ಲಿಷಿನಲ್ಲಿ ‘ಈಟ್’ ಎನ್ನದೆ ‘ಪ್ಲೀಸ್ ಹ್ಯಾವ್ ಸಮ್’ ಎನ್ನುತ್ತಾರೆ. ಆದರೆ ನಮ್ಮಲ್ಲಿ ಕೆಲವರು ಅತಿಥಿಗಳಿಗೆ ಬರಿಯ ‘ಪ್ಲೀಸ್ ಹ್ಯಾವ್’ ಎಂದು ಹೇಳಿ ನಿಲ್ಲಿಸುತ್ತಾರೆ. ‘ತಗೊಳ್ಳಿ’ ಎಂಬುದಕ್ಕೆ ಕರ್ಮ ಬೇಕಿಲ್ಲ, ‘ಹ್ಯಾವ್’ಗೆ ಬೇಕು. ‘ಸಮ್’ ಎಂದೋ ‘ಎ ವಡೆ’ ಎಂದೋ ಏನಾದರೊಂದನ್ನು ಸೇರಿಸಬೇಕು.

‘ಊಟ ಆಯ್ತಾ?’ ಎಂಬುದಕ್ಕೆ ‘ಹ್ಯಾವ್ ಯು ಹ್ಯಾಡ್ ಲಂಚ್?’ ಎಂಬುದು ಹತ್ತಿರದ ಮಾತು. ಇಲ್ಲಿ ಮೊದಲನೆಯ ‘ಹ್ಯಾವ್’ ಸಹಾಯಕ ಕ್ರಿಯಾಪದ, ಎರಡನೆಯ ‘ಹ್ಯಾಡ್’ ಊಟ ಮಾಡುವ ಮುಖ್ಯ ಕ್ರಿಯಾಪದ. ಅಮೆರಿಕದವರು ಸಾಮಾನ್ಯವಾಗಿ ‘ಡಿಡ್ ಯು ಹ್ಯಾವ್ ಲಂಚ್?’ ಎಂದೇ ಕೇಳುತ್ತಾರೆ, ಅದರಲ್ಲಿಯೂ ತಪ್ಪಿಲ್ಲ. ಸ್ನಾನಕ್ಕೆ ಬ್ರಿಟನ್ನಿನವರು ‘ಹ್ಯಾವ್ ಎ ಬಾತ್’ ಎಂದರೆ ಅಮೆರಿಕದವರು ‘ಟೇಕ್ ಎ ಬಾತ್’ ಎನ್ನುತ್ತಾರೆ. ಊಟ ಆಯಿತೇ ಎಂದು ಕೇಳಿದ್ದಕ್ಕೆ ‘ಬಂದು ಊಟ ಹಾಕುತ್ತಾರೇನೋ’ ಎಂದು ಪರದೇಶದವರು ಕಾಯುವುದುಂಟು. ಕುಶಲ ಪ್ರಶ್ನೆಯಾಗಿ ಊಟವನ್ನು ವಿಚಾರಿಸುವ ಪದ್ಧತಿ ನಮ್ಮದು.

‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಎಂಬುದರಲ್ಲಿ ದೋಷವೇನು?

ಇದು ವಿವರವಾಗಿ ನೋಡಬೇಕಾದ ಪ್ರಶ್ನೆ.

‘ಹ್ಯಾವ್’ ಸಹಾಯಕ ಕ್ರಿಯಾಪದವಾದ ಬಗೆಯಲ್ಲಿಯೇ ಉತ್ತರದ ಅರ್ಧಭಾಗವಿದೆ. ಹಳೆಯ ಇಂಗ್ಲಿಷಿನಲ್ಲಿ ‘ನನ್ನ ಬಳಿ ಬರೆದ ಪತ್ರವಿದೆ’ ಎಂಬ ಅರ್ಥ ಕೊಡುವ ಒಡೆತನದ ವಾಕ್ಯಗಳಿದ್ದವು. ಬರೆದ ಪತ್ರ ನನ್ನ ಬಳಿ ಇದೆಯೆಂದರೆ ಸಾಮಾನ್ಯವಾಗಿ ಬರೆದವನೂ ನಾನೇ ಆಗಿರುತ್ತೇನೆ. ಹೀಗೆ ಕಾಲಕ್ರಮದಲ್ಲಿ ‘ಐ ಹ್ಯಾವ್ ದ ಲೆಟರ್ ರಿಟನ್’ ಎಂಬ ಜೋಡಣೆ ‘ಐ ಹ್ಯಾವ್ ರಿಟನ್ ದ ಲೆಟರ್’ ಎಂಬ ಪೂರ್ಣ ವರ್ತಮಾನಕ್ಕೆ ದಾರಿ ಮಾಡಿತು. ಆ ಹುಟ್ಟಿನ ಗುರುತು ಇಂದಿಗೂ ಅಳಿದಿಲ್ಲ. ಕ್ರಿಯೆ ನಡೆದದ್ದು ಹಿಂದೆ, ಆದರೆ ಅದರ ಫಲ ಈಗ ನನ್ನ ಬಳಿಯಿದೆ ಎಂಬುದೇ ಈ ರೂಪದ ಜೀವ.

ಆದ್ದರಿಂದ ‘ಹ್ಯಾವ್’ ಜೊತೆಗಿನ ಈ ರೂಪಕ್ಕೆ ಈಗಿನ ಕ್ಷಣದೊಂದಿಗೆ ನಂಟು ಬೇಕು. ‘ನಿನ್ನೆ’, ‘ಕಳೆದ ವಾರ’, ‘1995ರಲ್ಲಿ’ ಎಂದು ಮುಗಿದುಹೋದ ಕಾಲವನ್ನು ಹೆಸರಿಸಿದ ಕೂಡಲೇ ಆ ನಂಟು ಕಡಿಯುತ್ತದೆ. ಆಗ ‘ಐ ಸಾ ಹಿಮ್ ಯೆಸ್ಟರ್‌ಡೇ’ ಎಂಬ ಸರಳ ಭೂತಕಾಲವೇ ಬರಬೇಕು. ‘ಐ ಹ್ಯಾವ್ ಸೀನ್ ಹಿಮ್’ ಎಂದು ಕಾಲ ಹೇಳದೆ ಬಿಟ್ಟರೆ ಅದೂ ಸರಿ. ‘ಟುಡೇ’, ‘ದಿಸ್ ವೀಕ್’ ಎಂಬ ಇನ್ನೂ ಮುಗಿಯದ ಕಾಲಗಳೊಂದಿಗೂ ಅದು ಹೊಂದುತ್ತದೆ.

ಕನ್ನಡಿಗರು ಇಲ್ಲಿ ಎಡವಲು ‘ನೋಡಿದ್ದೇನೆ’ ಎಂಬ ನಮ್ಮ ರೂಪ ಕಾರಣ. ಅದೂ ‘ನೋಡಿ’ ಮತ್ತು ‘ಇದ್ದೇನೆ’ ಕೂಡಿ ಆದದ್ದು, ಅರ್ಥದಲ್ಲಿಯೂ ಇಂಗ್ಲಿಷಿನದಕ್ಕೆ ಹತ್ತಿರದ್ದೇ. ಆದರೆ ‘ನಿನ್ನೆಯೇ ಪತ್ರ ಕಳಿಸಿದ್ದೇನೆ’ ಎಂದು ಕಾಲವನ್ನು ಹೆಸರಿಸಲು ಕನ್ನಡದಲ್ಲಿ ಯಾವ ಅಡ್ಡಿಯೂ ಇಲ್ಲ. ಕನ್ನಡದ ಈ ಸ್ವಾತಂತ್ರ್ಯವನ್ನು ಇಂಗ್ಲಿಷಿಗೆ ಕೊಂಡೊಯ್ದಾಗ ‘ಐ ಹ್ಯಾವ್ ಸೆಂಟ್ ದ ಲೆಟರ್ ಯೆಸ್ಟರ್‌ಡೇ’ ಹುಟ್ಟುತ್ತದೆ.

ಕನ್ನಡ ಈ ರೂಪವನ್ನು ‘ಇರು’ವಿನಿಂದ ಕಟ್ಟಿದರೆ ಇಂಗ್ಲಿಷ್ ‘ಹ್ಯಾವ್’ನಿಂದ ಕಟ್ಟಿತು ಎಂದೆವಷ್ಟೆ. ಆದರೆ ಹಿಂದೆ ಇಂಗ್ಲಿಷ್ ಕೂಡ ‘ಬರು’, ‘ಹೋಗು’, ‘ಆಗು’ ಮುಂತಾದ ಕ್ರಿಯಾಪದಗಳಿಗೆ ‘ಬಿ’ಯನ್ನೇ ಹಚ್ಚುತ್ತಿತ್ತು. ‘ಹಿ ಹ್ಯಾಸ್ ಕಮ್’ ಎನ್ನುವಲ್ಲಿ ‘ಹಿ ಈಸ್ ಕಮ್’ ಎನ್ನುತ್ತಿದ್ದರು. ಜರ್ಮನ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ಅದು ಇಂದಿಗೂ ಹಾಗೆಯೇ ಇದೆ. 1945ರ ಜುಲೈ 16ರಂದು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ನಡೆದ ಮೊದಲ ಅಣುಬಾಂಬ್ ಪರೀಕ್ಷೆಯನ್ನು ನೆನೆಯುತ್ತ ರಾಬರ್ಟ್ ಓಪನ್‌ಹೈಮರ್ ಭಗವದ್ಗೀತೆಯ 11ನೇ ಅಧ್ಯಾಯದ ‘ಕಾಲೋಽಸ್ಮಿ’ ಶ್ಲೋಕವನ್ನು ‘ನೌ ಐ ಆಮ್ ಬಿಕಮ್ ಡೆತ್’ ಎಂದು ಇಂಗ್ಲಿಷಿನಲ್ಲಿ ಹೇಳಿದ್ದು ಪ್ರಸಿದ್ಧ. ‘ಐ ಹ್ಯಾವ್ ಬಿಕಮ್’ ಆಗಬೇಕಿತ್ತಲ್ಲ, ವಿಜ್ಞಾನಿಯ ವ್ಯಾಕರಣ ತಪ್ಪಿತೇ ಎಂದು ಕೇಳುವವರಿದ್ದಾರೆ. ತಪ್ಪಿಲ್ಲ. ಅದು ಧರ್ಮಗ್ರಂಥಗಳ ಗಾಂಭೀರ್ಯಕ್ಕೆ ಒಪ್ಪುವ ಹಳೆಯ ಇಂಗ್ಲಿಷಿನ ರೂಪ.

‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎಂಬುದನ್ನು ‘ಐ ಹ್ಯಾಡ್ ಗಾನ್ ಟು ಮೈಸೂರ್ ಯೆಸ್ಟರ್‌ಡೇ’ ಎನ್ನಬಹುದೇ?

ಬರಿಯ ಅಷ್ಟನ್ನೇ ಹೇಳುವುದಾದರೆ ಬೇಡ. ‘ಐ ವೆಂಟ್ ಟು ಮೈಸೂರ್ ಯೆಸ್ಟರ್‌ಡೇ’ ಎಂದರೆ ಸಾಕು.

ಕನ್ನಡದಲ್ಲಿ ‘ಹೋದೆ’ ಮತ್ತು ‘ಹೋಗಿದ್ದೆ’ ಬೇರೆ ಬೇರೆ. ‘ನಿನ್ನೆ ಮೈಸೂರಿಗೆ ಹೋದೆ’ ಎಂದರೆ ಕೇಳುವವರು ‘ಆಮೇಲೆ?’ ಎಂದು ಮುಂದಿನ ಕಥೆಗೆ ಕಾಯುತ್ತಾರೆ. ‘ಹೋಗಿದ್ದೆ’ ಎಂದರೆ ಹೋಗಿ ಬಂದದ್ದೂ ಆಯಿತು, ವಿಷಯ ಮುಗಿಯಿತು ಎಂಬ ಧ್ವನಿಯಿದೆ. ಇಂಗ್ಲಿಷಿನ ‘ಹ್ಯಾಡ್ ಗಾನ್’ ಎಂಬುದಕ್ಕೆ ಈ ಧ್ವನಿಯಿಲ್ಲ. ಭೂತಕಾಲದ ಇನ್ನೊಂದು ಘಟನೆಗಿಂತ ಮೊದಲು ಇದು ನಡೆದಿತ್ತು ಎಂದು ಸೂಚಿಸುವುದಷ್ಟೇ ಅದರ ಕೆಲಸ. ‘ವೆನ್ ಯು ಕಾಲ್ಡ್, ಐ ಹ್ಯಾಡ್ ಆಲ್ರೆಡಿ ಗಾನ್ ಟು ಮೈಸೂರ್’ ಎಂಬಲ್ಲಿ ಕರೆ ಬಂದದ್ದು ಒಂದು ಘಟನೆ, ಅದಕ್ಕೂ ಮೊದಲು ಹೊರಟದ್ದು ಇನ್ನೊಂದು. ಹೋಲಿಸಲು ಎರಡನೆಯ ಘಟನೆ ಇಲ್ಲದಿದ್ದರೆ ‘ಹ್ಯಾಡ್’ ಅಂತರದಲ್ಲಿ ತೂಗಾಡುತ್ತದೆ, ಕೇಳುವವರು ‘ಯಾವುದಕ್ಕಿಂತ ಮೊದಲು?’ ಎಂದು ಯೋಚಿಸುತ್ತ ಕೂರುತ್ತಾರೆ.

ನಮ್ಮ ಕಚೇರಿಗಳ ಇಮೇಲ್‌ಗಳಲ್ಲಿ ಈ ‘ಹ್ಯಾಡ್’ ತುಂಬಿ ತುಳುಕುತ್ತದೆ: ‘ಐ ಹ್ಯಾಡ್ ಸೆಂಟ್ ಯು ಎ ಮೇಲ್ ಲಾಸ್ಟ್ ವೀಕ್’, ‘ವಿ ಹ್ಯಾಡ್ ಡಿಸ್ಕಸ್ಡ್ ದಿಸ್ ಆನ್ ಮಂಡೇ’. ‘ಕಳಿಸಿದ್ದೆನಲ್ಲ, ಚರ್ಚಿಸಿದ್ದೆವಲ್ಲ’ ಎಂಬ ನಮ್ಮ ನೆನಪಿಸುವ ಧಾಟಿ ಅಲ್ಲಿ ಇಣುಕುತ್ತಿರುತ್ತದೆ. ಭಾರತದ ಓದುಗರಿಗೆ ಇದು ಅರ್ಥವಾಗುತ್ತದೆ, ಏಕೆಂದರೆ ಹಿಂದಿಯವರೂ ಹೀಗೆಯೇ ಬರೆಯುತ್ತಾರೆ. ಹೊರಗಿನವರಿಗೆ ಬರೆಯುವಾಗ ‘ಸೆಂಟ್’, ‘ಡಿಸ್ಕಸ್ಡ್’ ಎಂದು ಸರಳಗೊಳಿಸುವುದು ಲೇಸು. ಕನ್ನಡಿಗರ ಇಂಗ್ಲಿಷ್ ಬರವಣಿಗೆಯಲ್ಲಿ ಒಂದೇ ಒಂದು ತಿದ್ದುಪಡಿಗೆ ಅವಕಾಶವಿದ್ದರೆ ನಾನು ಈ ಅನಗತ್ಯ ‘ಹ್ಯಾಡ್’ಗಳನ್ನೇ ತೆಗೆಯುತ್ತೇನೆ.

‘ಹ್ಯಾಸ್ ಗಾನ್’ ಮತ್ತು ‘ಹ್ಯಾಸ್ ಬೀನ್’ ನಡುವಿನ ವ್ಯತ್ಯಾಸವೇನು?

‘ಶಿ ಹ್ಯಾಸ್ ಗಾನ್ ಟು ದುಬೈ’ ಎಂದರೆ ಅವಳು ಹೋಗಿದ್ದಾಳೆ, ಇನ್ನೂ ಬಂದಿಲ್ಲ. ‘ಶಿ ಹ್ಯಾಸ್ ಬೀನ್ ಟು ದುಬೈ’ ಎಂದರೆ ಎಂದೋ ಹೋಗಿ ಬಂದಿದ್ದಾಳೆ, ಆ ಊರು ನೋಡಿದ್ದಾಳೆ. ಕನ್ನಡದ ‘ಹೋಗಿದ್ದಾಳೆ’ ಎರಡಕ್ಕೂ ಒದಗುವುದರಿಂದ ಸಂದರ್ಭ ನೋಡಿ ಆರಿಸಬೇಕು. ಕನ್ಯಾಕುಮಾರಿಗೆ ಹಿಂದೊಮ್ಮೆ ಹೋಗಿ ಬಂದವರು ನಮ್ಮೆದುರು ಕುಳಿತು ‘ಐ ಹ್ಯಾವ್ ಗಾನ್ ಟು ಕನ್ಯಾಕುಮಾರಿ’ ಎಂದರೆ, ಕಟ್ಟುನಿಟ್ಟಾದ ಅರ್ಥದಲ್ಲಿ ಅವರು ಇಲ್ಲಿರುವಂತೆಯೇ ಇಲ್ಲ.

ಹತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ ಎಂಬುದನ್ನು ಹೇಗೆ ಹೇಳಬೇಕು?

‘ಐ ಆಮ್ ಲಿವಿಂಗ್ ಇನ್ ಬೆಂಗಳೂರು ಸಿನ್ಸ್ ಟೆನ್ ಇಯರ್ಸ್’ ಎಂಬುದು ಕನ್ನಡದ ನೆರಳು. ಇದರಲ್ಲಿ ಎರಡು ತೊಡಕುಗಳಿವೆ. ಹಿಂದೆ ಶುರುವಾಗಿ ಈಗಲೂ ಮುಂದುವರಿದಿರುವುದಕ್ಕೆ ಇಂಗ್ಲಿಷಿನಲ್ಲಿ ವರ್ತಮಾನ ಸಾಲದು, ‘ಹ್ಯಾವ್ ಲಿವ್ಡ್’ ಅಥವಾ ‘ಹ್ಯಾವ್ ಬೀನ್ ಲಿವಿಂಗ್’ ಬೇಕು. ಇನ್ನು ‘ಇಂದ’ ಪ್ರತ್ಯಯ. ಕನ್ನಡದಲ್ಲಿ ‘2015ರಿಂದ’ ಎಂದೂ ‘ಹತ್ತು ವರ್ಷದಿಂದ’ ಎಂದೂ ಒಂದೇ ಪ್ರತ್ಯಯ ಸಾಕು. ಇಂಗ್ಲಿಷಿನಲ್ಲಿ ಶುರುವಾದ ಬಿಂದುವಿಗೆ ‘ಸಿನ್ಸ್’, ಕಳೆದ ಅವಧಿಗೆ ‘ಫಾರ್’. ಆದ್ದರಿಂದ ‘ಐ ಹ್ಯಾವ್ ಲಿವ್ಡ್ ಇನ್ ಬೆಂಗಳೂರು ಫಾರ್ ಟೆನ್ ಇಯರ್ಸ್’ ಅಥವಾ ‘ಸಿನ್ಸ್ 2015’.

‘ಹ್ಯಾಡ್ ಹ್ಯಾಡ್’ ಎಂದು ಎರಡು ಸಲ ಬರುವುದು ಅಚ್ಚಿನ ತಪ್ಪೇ?

ಅಲ್ಲ. ‘ಹಿ ಹ್ಯಾಡ್ ಹ್ಯಾಡ್ ಹಿಸ್ ಲಂಚ್ ಬಿಫೋರ್ ವಿ ಕೇಮ್’ ಎಂಬಲ್ಲಿ ಮೊದಲನೆಯದು ಸಹಾಯಕ, ಎರಡನೆಯದು ಊಟದ್ದು: ನಾವು ಬರುವ ಮೊದಲೇ ಅವನ ಊಟವಾಗಿತ್ತು. ಇಂಗ್ಲಿಷಿನ ಪದವಿನೋದಗಳಲ್ಲಿ ಹನ್ನೊಂದು ‘ಹ್ಯಾಡ್’ಗಳು ಸಾಲಾಗಿ ಬಂದರೂ ವ್ಯಾಕರಣ ಕೆಡದ ವಾಕ್ಯವೊಂದಿದೆ. ಪರೀಕ್ಷೆಯಲ್ಲಿ ಜಾನ್ ‘ಹ್ಯಾಡ್’ ಎಂದೂ ಜೇಮ್ಸ್ ‘ಹ್ಯಾಡ್ ಹ್ಯಾಡ್’ ಎಂದೂ ಬರೆದಿದ್ದರು, ಮೇಷ್ಟರಿಗೆ ಎರಡನೆಯದೇ ಮೆಚ್ಚುಗೆಯಾಯಿತು ಎಂಬುದು ಅದರ ತಾತ್ಪರ್ಯ. ವಿರಾಮಚಿಹ್ನೆಗಳಿಲ್ಲದೆ ಅದನ್ನು ಬರೆದು ಓದಲು ಕೊಟ್ಟರೆ ಇಂಗ್ಲಿಷರೂ ತಡವರಿಸುತ್ತಾರೆ.

‘ಹ್ಯಾವ್ ಟು’ ಮತ್ತು ‘ಮಸ್ಟ್’ ಒಂದೆಯೇ?

ಒಪ್ಪಿಗೆಯ ವಾಕ್ಯದಲ್ಲಿ ಹೆಚ್ಚು ಕಡಿಮೆ ಒಂದೇ, ಎರಡೂ ನಮ್ಮ ‘ಬೇಕು’. ‘ಮಸ್ಟ್’ನಲ್ಲಿ ಹೇಳುವವರ ಒತ್ತಾಯ ಹೆಚ್ಚು, ‘ಹ್ಯಾವ್ ಟು’ವಿನಲ್ಲಿ ಹೊರಗಿನ ನಿಯಮದ ಒತ್ತಾಯ ಹೆಚ್ಚು ಎನ್ನುವುದುಂಟು. ಈ ಭೇದವನ್ನು ಮಾತಿನಲ್ಲಿ ಎಲ್ಲರೂ ಪಾಲಿಸುವುದಿಲ್ಲ.

ನಿಷೇಧದಲ್ಲಿ ಮಾತ್ರ ಅವು ಪೂರ್ತಿ ಬೇರೆ. ‘ಯು ಡೋಂಟ್ ಹ್ಯಾವ್ ಟು ಕಮ್’ ಎಂದರೆ ‘ನೀವು ಬರಬೇಕಾಗಿಲ್ಲ’, ಬಂದರೂ ಬಾಧಕವಿಲ್ಲ. ‘ಯು ಮಸ್ಟ್ ನಾಟ್ ಕಮ್’ ಎಂದರೆ ‘ನೀವು ಬರಕೂಡದು’. ಮದುವೆಗೆ ಕರೆಯುವಾಗ ‘ಮುಯ್ಯಿ ತರಬೇಕಾಗಿಲ್ಲ’ ಎನ್ನುವುದಕ್ಕೆ ‘ಮಸ್ಟ್ ನಾಟ್’ ಹಾಕಿದರೆ ಆಮಂತ್ರಣ ಆಜ್ಞೆಯಾಗುತ್ತದೆ. ಕನ್ನಡದಲ್ಲಿ ಈ ಭೇದ ಸ್ಪಷ್ಟವಾಗಿಯೇ ಇರುವುದರಿಂದ, ಮೊದಲು ಕನ್ನಡದಲ್ಲಿ ಯೋಚಿಸಿ ಆರಿಸುವುದು ಇಲ್ಲಿ ಲಾಭಕರ.

ಇನ್ನೆರಡು ಸಣ್ಣ ಮಾತುಗಳು. ‘ಹ್ಯಾವ್ ಟು’ ಎಂಬುದನ್ನು ಉಚ್ಚರಿಸುವಾಗ ಅದು ‘ಹ್ಯಾಫ್ ಟು’ ಎಂದೇ ಕೇಳಿಸಬೇಕು. ‘ಐ ಹ್ಯಾವ್ ಟೂ’, ಅಂದರೆ ನನ್ನ ಬಳಿ ಎರಡಿವೆ, ಎಂಬುದರಿಂದ ಅದನ್ನು ಬೇರ್ಪಡಿಸುವುದು ಈ ‘ಫ್’ ಧ್ವನಿಯೇ. ಭಾರತದಲ್ಲಿ ಧಾರಾಳವಾಗಿ ಬಳಕೆಯಲ್ಲಿರುವ ‘ಐವ್ ಟು ಗೋ’ ಎಂಬ ಸಂಕ್ಷೇಪ ಇಂಗ್ಲಿಷರ ಬಾಯಲ್ಲಿ ಅಪರೂಪ. ಅವರು ‘ಐ ಹ್ಯಾವ್ ಟು ಗೋ’ ಎಂದು ಪೂರ್ತಿ ಹೇಳುತ್ತಾರೆ, ಇಲ್ಲವೇ ‘ಐವ್ ಗಾಟ್ ಟು ಗೋ’ ಎನ್ನುತ್ತಾರೆ.

‘ಹ್ಯಾಡ್ ಬೆಟರ್’ ಎಂದರೆ ‘ಮಾಡಿದರೆ ಒಳ್ಳೆಯದು’ ಎಂಬ ಸಲಹೆಯೇ?

ಪದಶಃ ಹಾಗೆ ಕಂಡರೂ ಅದರ ಒಳಗೆ ‘ಇಲ್ಲದಿದ್ದರೆ ನೋಡು’ ಎಂಬ ಎಚ್ಚರಿಕೆ ಅಡಗಿದೆ. ತಾಯಿ ಮಗನಿಗೆ ‘ಯು ಹ್ಯಾಡ್ ಬೆಟರ್ ಫಿನಿಷ್ ಯುವರ್ ಹೋಮ್‌ವರ್ಕ್’ ಎನ್ನಬಹುದು. ಮೇಲಧಿಕಾರಿಗೆ ‘ಸರ್, ಯು ಹ್ಯಾಡ್ ಬೆಟರ್ ಸೈನ್ ದಿಸ್ ಟುಡೇ’ ಎಂದರೆ ಬೆದರಿಕೆಯಂತೆ ಕೇಳಿಸುತ್ತದೆ. ವಿನಯದ ಸಲಹೆಗೆ ‘ಇಟ್ ವುಡ್ ಬಿ ಬೆಟರ್ ಟು ಸೈನ್ ದಿಸ್ ಟುಡೇ’ ಎನ್ನಬೇಕು. ಇಲ್ಲಿನ ‘ಹ್ಯಾಡ್’ ಭೂತಕಾಲದ್ದೂ ಅಲ್ಲ. ಮಾತು ಈಗಿನದು ಅಥವಾ ಮುಂದಿನದು, ಅದರ ನಂತರ ‘ಟು’ ಕೂಡ ಬರುವುದಿಲ್ಲ.

‘ಐ ಕಟ್ ಮೈ ಹೇರ್’ ಎಂದರೆ ಏನು ತಪ್ಪಾಗುತ್ತದೆ?

ಕನ್ನಡಿ ಮುಂದೆ ಕತ್ತರಿ ಹಿಡಿದು ನೀವೇ ಕತ್ತರಿಸಿಕೊಂಡಿರಿ ಎಂದಾಗುತ್ತದೆ. ಕ್ಷೌರದಂಗಡಿಯಲ್ಲಿ ಮಾಡಿಸಿಕೊಂಡದ್ದಾದರೆ ‘ಐ ಹ್ಯಾಡ್ ಮೈ ಹೇರ್ ಕಟ್’.

ಕನ್ನಡದ ‘ಇಸು’ ಪ್ರತ್ಯಯವನ್ನು ನೆನೆಯದೆ ಇದು ಹಿಡಿತಕ್ಕೆ ಸಿಗುವುದಿಲ್ಲ. ‘ಹೊಲಿದೆ’ ಎಂದರೆ ನಾನು, ‘ಹೊಲಿಸಿದೆ’ ಎಂದರೆ ದರ್ಜಿ. ಒಂದೇ ಪ್ರತ್ಯಯದಲ್ಲಿ ನಾವು ಮುಗಿಸುವ ಕೆಲಸಕ್ಕೆ ಇಂಗ್ಲಿಷ್ ‘ಹ್ಯಾವ್’ ಅನ್ನು ಕರೆತಂದು, ನಡುವೆ ವಸ್ತುವನ್ನು ಇಟ್ಟು, ಕೊನೆಯಲ್ಲಿ ಶಾಲೆಯಲ್ಲಿ ‘ವಿ ತ್ರೀ’ ಎಂದು ಕಲಿಸುವ ಮೂರನೆಯ ರೂಪವನ್ನು ಹಾಕುತ್ತದೆ: ‘ಐ ಹ್ಯಾಡ್ ಎ ಬ್ಲೌಸ್ ಸ್ಟಿಚ್ಡ್’, ‘ವಿ ಹ್ಯಾಡ್ ದ ಹೌಸ್ ಪೇಂಟೆಡ್’. ಪದಗಳ ಕ್ರಮ ಇಲ್ಲಿ ಪ್ರಾಣಸಮಾನ. ‘ವಿ ಹ್ಯಾಡ್ ಪೇಂಟೆಡ್ ದ ಹೌಸ್’ ಎಂದು ಎರಡು ಪದ ಅದಲುಬದಲಾದರೆ ‘ಬಣ್ಣ ಹಚ್ಚಿದ್ದೆವು’ ಎಂದಾಗುತ್ತದೆ, ‘ಹಚ್ಚಿಸಿದೆವು’ ಎಂದಾಗುವುದಿಲ್ಲ.

ಕೆಲಸ ಮಾಡಿದವರನ್ನು ಹೆಸರಿಸಬೇಕಾದರೆ ಮೂಲರೂಪ ಬರುತ್ತದೆ: ‘ಐ ಹ್ಯಾಡ್ ದ ಎಲೆಕ್ಟ್ರಿಷಿಯನ್ ಚೆಕ್ ದ ವೈರಿಂಗ್’. ‘ಗೆಟ್’ ಬಳಸಿದರೆ ಮಾತ್ರ ‘ಟು’ ಬೇಕು: ‘ಐ ಗಾಟ್ ದ ಎಲೆಕ್ಟ್ರಿಷಿಯನ್ ಟು ಚೆಕ್’. ಮೊದಲನೆಯದರಲ್ಲಿ ಹೇಳಿ ಮಾಡಿಸಿದ ಭಾವವಿದ್ದರೆ ಎರಡನೆಯದರಲ್ಲಿ ಹತ್ತು ಸಲ ಫೋನ್ ಮಾಡಿ ಕರೆಸಿದ ಶ್ರಮದ ಛಾಯೆಯಿರುತ್ತದೆ.

ಇದೇ ಅಚ್ಚಿನ ವಾಕ್ಯ ಮಾಡಿಸಿದ್ದನ್ನಲ್ಲದೆ ಅನುಭವಿಸಿದ್ದನ್ನೂ ಹೇಳಬಲ್ಲದು. ‘ಶಿ ಹ್ಯಾಡ್ ಹರ್ ಫೋನ್ ಸ್ಟೋಲನ್’ ಎಂದರೆ ಅವಳು ಫೋನ್ ಕದಿಸಿದಳು ಎಂದಲ್ಲ, ಅವಳ ಫೋನ್ ಕಳುವಾಯಿತು ಎಂದು. ಇಲ್ಲಿ ‘ಇಸು’ ಬಿಟ್ಟು ‘ಆಗು’ವಿನ ಮೊರೆ ಹೋಗಬೇಕು.

‘ಗೊತ್ತಿದ್ದರೆ ಬರುತ್ತಿದ್ದೆ’ ಎಂಬುದಕ್ಕೆ ಎಷ್ಟು ‘ಹ್ಯಾವ್’ ಬೇಕು?

ಎರಡು: ‘ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಕಮ್’. ಆಗದೇ ಹೋದದ್ದನ್ನು ಹೇಳಲು ಕನ್ನಡ ‘ದರೆ’ ಮತ್ತು ‘ಉತ್ತಿದ್ದೆ’ ಎಂಬ ಎರಡು ತುಂಡುಗಳನ್ನು ಬಳಸುತ್ತದೆ. ಈ ‘ಬರುತ್ತಿದ್ದೆ’ಯೇ ರೂಢಿಯನ್ನು ಹೇಳುವಾಗಲೂ ಬರುವುದರಿಂದ, ನೇರ ತಿರುಗಿಸಿದವರು ‘ಇಫ್ ಐ ನ್ಯೂ, ಐ ವಾಸ್ ಕಮಿಂಗ್’ ಎಂದುಬಿಡುತ್ತಾರೆ. ಎರಡೂ ಕಡೆ ‘ಹ್ಯಾವ್’ನ ರೂಪ ಇಲ್ಲದೆ ಇಂಗ್ಲಿಷಿನಲ್ಲಿ ಕೈತಪ್ಪಿದ ಗತಕಾಲದ ಅರ್ಥ ಹೊರಡುವುದಿಲ್ಲ.

‘ಐ ವುಡ್‌ವ್ ಕಮ್’ ಎಂದು ವೇಗವಾಗಿ ಹೇಳಿದಾಗ ಆ ‘ವ್’ ಧ್ವನಿ ‘ಆಫ್’ ಪದದಂತೆ ಕೇಳಿಸುತ್ತದೆ. ಹಾಗಾಗಿ ‘ವುಡ್ ಆಫ್’ ಎಂದು ಬರೆಯುವ ತಪ್ಪು ಇಂಗ್ಲಿಷ್ ಮಾತೃಭಾಷಿಕರಲ್ಲಿ ವ್ಯಾಪಕ. ಕಿವಿಗಿಂತ ಮೊದಲು ಪುಸ್ತಕದಿಂದ ಇಂಗ್ಲಿಷ್ ಕಲಿತ ನಮ್ಮವರು ಈ ಗುಂಡಿಗೆ ಬೀಳುವುದು ಕಡಿಮೆ.

‘ಹ್ಯಾವ್ ಯು ಎ ಪೆನ್’, ‘ಹ್ಯಾವ್ ಯು ಗಾಟ್ ಎ ಪೆನ್’, ‘ಡು ಯು ಹ್ಯಾವ್ ಎ ಪೆನ್’: ಯಾವುದು ಸರಿ?

ಮೂರೂ ಸರಿ. ಮೊದಲನೆಯದು ಹಳೆಯ ಬ್ರಿಟಿಷ್ ರೂಢಿ, ಈಗ ಕೇಳಸಿಗುವುದು ಅಪರೂಪ. ಎರಡನೆಯದು ಬ್ರಿಟನ್ನಿನ ದಿನಬಳಕೆಯ ಮಾತು. ಮೂರನೆಯದು ಅಮೆರಿಕದ ಬಳಕೆಯಾಗಿ ಈಗ ಎಲ್ಲೆಡೆ ನಡೆಯುತ್ತದೆ. ಗೊಂದಲವಿದ್ದರೆ ಮೂರನೆಯದನ್ನೇ ಹಿಡಿಯಬಹುದು. ‘ಹ್ಯಾವ್ ಗಾಟ್’ ಎಂಬುದು ವರ್ತಮಾನದ ಒಡೆತನಕ್ಕೆ ಒಪ್ಪುತ್ತದೆ. ಭೂತಕಾಲದ ಒಡೆತನಕ್ಕೆ ಬರಿಯ ‘ಹ್ಯಾಡ್’ ಸಾಕು.

‘ಹ್ಯಾವ್’ ಲ್ಯಾಟಿನ್ನಿನ ‘ಹಬೇರೆ’ಯಿಂದ ಬಂದದ್ದೇ?

ಸದ್ದು ಒಂದೇ, ಅರ್ಥವೂ ಒಂದೇ, ಆದರೂ ಅವು ಬಂಧುಗಳಲ್ಲ. ‘ಹ್ಯಾವ್’ನ ಹಳೆಯ ಇಂಗ್ಲಿಷ್ ರೂಪ ‘ಹಬ್ಬನ್’. ಜರ್ಮನ್ನಿನ ‘ಹಾಬೆನ್’ ಅದರ ಒಡಹುಟ್ಟು. 1822ರಲ್ಲಿ ಯಾಕೋಬ್ ಗ್ರಿಮ್ ವಿವರಿಸಿದ ಧ್ವನಿ ನಿಯಮದ ಪ್ರಕಾರ ಲ್ಯಾಟಿನ್ನಿನ ಪದಾದಿಯ ಕಕಾರಕ್ಕೆ ಇಂಗ್ಲಿಷಿನಲ್ಲಿ ಹಕಾರ ಬರುತ್ತದೆ: ‘ಕಾರ್ನು’ವಿಗೆ ‘ಹಾರ್ನ್’, ‘ಕೆಂಟುಮ್’ಗೆ ‘ಹಂಡ್ರೆಡ್’. ಆ ಲೆಕ್ಕದಲ್ಲಿ ‘ಹ್ಯಾವ್’ನ ಲ್ಯಾಟಿನ್ ಬಂಧು ‘ಹಿಡಿ’ ಎಂಬರ್ಥದ ‘ಕಾಪೆರೆ’. ಹಿಡಿದದ್ದು ಕೈಯಲ್ಲಿ ಉಳಿಯುತ್ತದೆ, ಕೈಯಲ್ಲಿದ್ದದ್ದು ಒಡೆತನವಾಗುತ್ತದೆ. ಕನ್ನಡದಲ್ಲಿ ಪಕಾರ ಹಕಾರವಾಗಿ ‘ಪಾಲು’ ‘ಹಾಲು’ ಆದದ್ದನ್ನು ಬಲ್ಲವರಿಗೆ ಇಂಥ ಧ್ವನಿ ಬದಲಾವಣೆ ಹೊಸದೇನಲ್ಲ.

‘ಐ ಹ್ಯಾವ್ ಎ ಡೌಟ್’ ಎಂದು ತರಗತಿಯಲ್ಲಿ ಕೈಯೆತ್ತುವುದು ಸರಿಯೇ?

ಭಾರತದ ಯಾವ ತರಗತಿಯಲ್ಲಿಯೂ ಇದು ಯಾರಿಗೂ ತೊಡಕಾಗುವುದಿಲ್ಲ, ಏಕೆಂದರೆ ನಮ್ಮ ‘ನನಗೊಂದು ಸಂದೇಹವಿದೆ’ ಎಂಬುದು ಅರ್ಥವಾಗದ್ದನ್ನು ವಿನಯದಿಂದ ಕೇಳುವ ರೀತಿ. ಲಂಡನ್ನಿನಲ್ಲೋ ಷಿಕಾಗೋದಲ್ಲೋ ಓದಲು ಹೋದ ವಿದ್ಯಾರ್ಥಿ ಇದೇ ಮಾತನ್ನು ಹೇಳಿದರೆ, ‘ನೀವು ಹೇಳಿದ್ದು ನಿಜವೆಂದು ನನಗೆ ನಂಬಿಕೆಯಿಲ್ಲ’ ಎಂದು ಪ್ರಾಧ್ಯಾಪಕರಿಗೆ ಕೇಳಿಸಬಹುದು. ಅಲ್ಲಿ ‘ಐ ಹ್ಯಾವ್ ಎ ಕ್ವೆಶ್ಚನ್’ ಎನ್ನಬೇಕು. ಎರಡೂ ಕಡೆ ‘ಐ ಆಮ್ ಹ್ಯಾವಿಂಗ್’ ಮಾತ್ರ ಬೇಡ.